ಕೆಂಪು ಕಣ್ಣು ಆರಿದ್ರೆ ಸಾಕು

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಭಾನುವಾರ ಮಗನ ಜೊತೆ 1984ರ ‘ದಿ ಟರ್ಮಿನೇಟರ್’ ಸಿನಿಮಾ ಮತ್ತೆ ನೋಡ್ದೆ, ಕೊನೇಲಿ ನಾಯಕಿ ಸಾರಾ ಬಟನ್ ಒತ್ತಿದ್ಮೇಲೆ ಹೈಡ್ರಾಲಿಕ್ ಪ್ರೆಸ್ ಒಳಗೆ ಅವಳನ್ನ ಕೊಲ್ಲೋಕೆ ಬಂದ ಆ ರೋಬೋ ಅಪ್ಪಚ್ಚಿ ಆಗತ್ತಲ್ಲ, ಅಲ್ಲಿ ಡೈಲಾಗೂ ಇಲ್ಲ ಏನೂ ಇಲ್ಲ, ಕೆಂಪು ಕಣ್ಣು ಮೆಲ್ಲಗೆ ಮಂಕಾಗಿ ಆರಿಹೋಗತ್ತೆ ಅಷ್ಟೇ, ಹುಡುಗ ತಕ್ಷಣ ‘ಸತ್ತೋಯ್ತು’ ಅಂದ. ಯಂತ್ರಕ್ಕೆ ಉಸಿರಿಲ್ಲ, ನಾಡಿ ಇಲ್ಲ, ಇನ್ನೇನು ತೋರಿಸ್ಬೇಕು ಹೇಳಿ. 1991ರ ಎರಡನೇ ಭಾಗದಲ್ಲಂತೂ ಕಣ್ಣು ಆರಿ, ಬೇರೆ ಪವರ್ ಸಿಕ್ಕಿ ಮತ್ತೆ ಹೊತ್ಕೊಳತ್ತೆ, ನಮ್ಮನೇಲಿ ಕರೆಂಟ್ ಹೋಗಿ ಯುಪಿಎಸ್ ಆನ್ ಆದಂಗೆ! ನಮ್ಮ ಸೀರಿಯಲ್‌ನೋರು ಒಂದು ಸಾವಿಗೆ ಮೂರು ಎಪಿಸೋಡ್ ಅಳಿಸ್ತಾರೆ, ಸಿಡಿಲು ಬೇರೆ. ನಿಮ್ಮ ಸಿನಿಮಾ ಪುಟದಲ್ಲಿ ಇಂಥ ಕಸುಬಿನ ಬಗ್ಗೆ ಒಂದಿಷ್ಟು ಬರೆಸಿ ಸಾರ್, ಬರೀ ಕಲೆಕ್ಷನ್ ಲೆಕ್ಕ ಓದಿ ಸಾಕಾಗಿದೆ.

– ಒಬ್ಬ ಓದುಗ, ಮೈಸೂರು