ಕಳ್ಳನಿದ್ದೆಯ ರೆಪ್ಪೆ

ಪ್ರೀತಿಯ ತಂಗಿ,

ಆ ಇಂಗ್ಲಿಷ್ ಕತೆಯ ನಿನ್ನ ಅನುವಾದ ಓದಿದೆ. ಬಹಳ ಕಡೆ ಚೆನ್ನಾಗಿ ಹರಿದಿದೆ. ಒಂದು ಕಡೆ ಮಾತ್ರ ‘ಅವಳು ನಿದ್ರೆಯನ್ನು ನಟಿಸಿದಳು’ ಅಂತ ಬರೆದು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ‘ಫೇನ್ (feign) ಅಂದರೆ ಇದೇ ತಾನೇ?’ ಎಂದು ಕೇಳಿದ್ದೀಯ. ಅನುಮಾನ ಬಂದಿದ್ದು ಒಳ್ಳೆಯದಾಯಿತು. ಯಾರ ಮನೆಯಲ್ಲಿ ಯಾರು ನಿದ್ರೆಯನ್ನು ನಟಿಸುತ್ತಾರೆ ಹೇಳು? ನಾವು ಮಾಡುವುದು ಕಳ್ಳನಿದ್ದೆ.

ಮೊದಲು ಇಂಗ್ಲಿಷಿನದ್ದು ಮುಗಿಸಿಬಿಡೋಣ. ಇಲ್ಲದ್ದನ್ನು ಇದೆ ಅಂತ ತೋರಿಸಿಕೊಳ್ಳುವುದೇ ಫೇನ್. ಸ್ಪೆಲಿಂಗಿನಲ್ಲಿರುವ ‘ಜಿ’ ಸುಮ್ನೆ ಕೂತಿದೆ, ಬಾಯಿಗೆ ಬರುವುದಿಲ್ಲ. ಈ ಪದದ ಹಿಂದೆ ನಿದ್ದೆ, ಕಾಯಿಲೆ, ಆಶ್ಚರ್ಯ ಇಂಥವು ನೇರವಾಗಿ ಬಂದು ಕೂರುತ್ತವೆ: ಫೇನ್ ಸ್ಲೀಪ್, ಫೇನ್ ಇಲ್‌ನೆಸ್. ಇದೇ ಅರ್ಥದ ಇನ್ನೊಂದು ಪದ ಪ್ರಿಟೆಂಡ್ (pretend). ಅದಕ್ಕೆ ಸಾಮಾನ್ಯವಾಗಿ ಇನ್ನೊಂದು ಕ್ರಿಯಾಪದವೋ ಒಂದು ವಾಕ್ಯವೋ ಬೇಕು: ಪ್ರಿಟೆಂಡೆಡ್ ಟು ಬಿ ಅಸ್ಲೀಪ್. ದಿನದ ಮಾತಿನಲ್ಲಿ ಕೇಳಿಬರುವುದು ಪ್ರಿಟೆಂಡೇ ಜಾಸ್ತಿ. ಫೇನ್ ಕೊಂಚ ಪುಸ್ತಕದ ಪದ. ಲ್ಯಾಟಿನ್ನಿನಲ್ಲಿ ಇದರ ಮೂಲ ರೂಪಕ್ಕೆ ಮಣ್ಣನ್ನೋ ಮೇಣವನ್ನೋ ತಿದ್ದಿ ಆಕಾರ ಕೊಡುವುದು ಅಂತ ಅರ್ಥವಿತ್ತು. ಫಿಕ್ಷನ್ ಹುಟ್ಟಿದ್ದೂ ಅಲ್ಲಿಂದಲೇ. ಕತೆಗಾರರೂ ಕಳ್ಳನಿದ್ದೆಯವರೂ ಒಂದೇ ಬಳಗ ಅನ್ನು!

ಹಳೆಯ ಇಂಗ್ಲಿಷ್ ಪುಸ್ತಕ ಕೈಗೆತ್ತಿಕೊಂಡರೆ ಪ್ರಿಟೆಂಡ್ ಬಗ್ಗೆ ಹುಷಾರಾಗಿರು. ಆಗ ಅದಕ್ಕೆ ‘ಹಕ್ಕು ಹೇಳು’ ಅನ್ನುವ ಅರ್ಥವೂ ಇತ್ತು. 1688ರಲ್ಲಿ ಇಂಗ್ಲೆಂಡಿನ ಎರಡನೇ ಜೇಮ್ಸ್ ದೊರೆ ದೇಶ ಬಿಟ್ಟು ಓಡಿದ. ಅದೇ ವರ್ಷ ಹುಟ್ಟಿದ ಅವನ ಮಗನನ್ನು ಚರಿತ್ರೆಯಲ್ಲಿ ಓಲ್ಡ್ ಪ್ರಿಟೆಂಡರ್ ಅಂತ ಕರೆಯುತ್ತಾರೆ. ಅವನು ವೇಷಧಾರಿಯಲ್ಲ, ‘ಸಿಂಹಾಸನ ನನ್ನದು’ ಅಂತ ಹಕ್ಕು ಹೂಡಿದವನು. ಇಲ್ಲಿ ‘ನಟ’ ಅಂತ ಬರೆದರೆ ಇಡೀ ಅಧ್ಯಾಯ ಕೆಡುತ್ತದೆ.

ಮಕ್ಕಳ ಆಟ ಪ್ರಿಟೆಂಡ್‌ಗೆ ಸೇರಿದ್ದು. ಅಲ್ಲಿ ಫೇನ್ ಬಳಸುವುದಿಲ್ಲ, ಯಾಕೆಂದರೆ ಅಲ್ಲಿ ಯಾರಿಗೂ ಮೋಸವಾಗುವುದಿಲ್ಲ. ನಮ್ಮ ಮಕ್ಕಳು ಏನು ಮಾಡುತ್ತಾರೆ ಗಮನಿಸಿದ್ದೀಯಾ? ‘ನಾನು ಟೀಚರ್ ಅಂತೆ, ನೀನು ಲೇಟಾಗಿ ಬಂದೆಯಂತೆ, ನಾನು ಬೈತೀನಂತೆ.’ ಬೇರೆಯವರಿಂದ ಕೇಳಿದ ಸುದ್ದಿಗೆ ಹಚ್ಚುವ ‘ಅಂತೆ’ಯನ್ನೇ ತಂದು ಆಟಕ್ಕೆ ಹಚ್ಚುತ್ತಾರೆ. ಇಂಥ ಸಾಲು ಅನುವಾದಕ್ಕೆ ಬಂದಾಗ ನಿಘಂಟು ಮುಚ್ಚಿಟ್ಟು ಅಂಗಳದಲ್ಲಿ ಆಡುವ ಮಕ್ಕಳ ಮಾತು ಕೇಳು.

ದೊಡ್ಡವರ ವಿಷಯಕ್ಕೆ ಬಂದರೆ ಕನ್ನಡದಲ್ಲಿ ಒಂದು ತೊಡಕಿದೆ. ಸೋಗು, ಬೂಟಾಟಿಕೆ, ಡೋಂಗಿ ಅಂತ ಬರೆದ ಕೂಡಲೇ ನೀನು ತೀರ್ಪು ಕೊಟ್ಟ ಹಾಗೆ. ‘ನಟಿಸಿದಳು’ ಅಂದರೂ ಸ್ವಲ್ಪ ಅದೇ ಕತೆ. ಹುಸಿಗೋಪ ಅನ್ನು, ಅದರಲ್ಲಿ ಪ್ರೀತಿ ಇದೆ. ‘ಕೇಳಿಸದವರ ಹಾಗೆ ಇದ್ದಳು’ ಅನ್ನು, ಬೈಗುಳವೂ ಇಲ್ಲ, ಮೆಚ್ಚುಗೆಯೂ ಇಲ್ಲ. ಹಾಗಾಗಿ ಪದ ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೋ: ಇದು ಸುಳ್ಳು ಅಂತ ಈ ದೃಶ್ಯದಲ್ಲಿ ಯಾರಿಗೆ ಗೊತ್ತು? ನೀನು ಅನುವಾದಿಸುತ್ತಿರುವ ಕತೆ ನಡೆಯುವುದು ಏಳು ವರ್ಷದ ಹುಡುಗನ ಕಣ್ಣಿನಿಂದ. ಅಮ್ಮ ಎಚ್ಚರವಾಗಿದ್ದಾಳೆ ಅಂತ ಅವನಿಗೆ ಗೊತ್ತಿಲ್ಲದಿದ್ದರೆ, ನಿರೂಪಣೆ ಅದನ್ನು ಹೇಳುವ ಹಾಗೇ ಇಲ್ಲ. ಅವನಿಗೆ ಅನುಮಾನವಿದ್ದರೆ, ಆ ಅನುಮಾನ ಎಲ್ಲಿಂದ ಬಂತು ಅಂತ ಕತೆ ಬರೆಯುವವರು ತೋರಿಸಬಹುದು. ನಿಜವಾಗಿ ನಿದ್ದೆ ಹೋದವರ ಉಸಿರು ನಿಧಾನವಾಗುತ್ತದೆ, ಬಾಯಿ ಸಡಿಲವಾಗುತ್ತದೆ. ಕಳ್ಳನಿದ್ದೆಯವರು ರೆಪ್ಪೆ ಬಿಗಿಹಿಡಿದಿರುತ್ತಾರೆ, ಅದು ಅದುರುತ್ತದೆ. ಹೆಸರು ಹಿಡಿದು ಕೂಗಿದರೆ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಮೂಲ ಲೇಖಕಿ ‘ಫೇನ್’ ಅಂದು ಮುಂದೆ ಹೋಗಿದ್ದಾಳೆ. ನೀನು ಅನುವಾದಕಿ, ಇದನ್ನೆಲ್ಲ ಸೇರಿಸಬೇಡ. ಆದರೆ ನಿನ್ನದೇ ಕತೆ ಬರೆಯುವಾಗ ಇಂಥದ್ದನ್ನು ಬಿಡಬೇಡ.

ವಿರಾಟಪರ್ವ ಇನ್ನೊಮ್ಮೆ ಓದು. ಕಂಕನಾಗಿರುವ ಧರ್ಮರಾಯ ಉತ್ತರನನ್ನು ಬಿಟ್ಟು ಬೃಹನ್ನಳೆಯನ್ನು ಹೊಗಳಿದ್ದಕ್ಕೆ ವಿರಾಟ ಸಿಟ್ಟಿನಲ್ಲಿ ದಾಳವನ್ನು ಅವನ ಮುಖಕ್ಕೆ ಎಸೆಯುತ್ತಾನೆ. ಮೂಗಿನಲ್ಲಿ ರಕ್ತ. ಅದು ನೆಲಕ್ಕೆ ಬೀಳದ ಹಾಗೆ ಧರ್ಮರಾಯ ಅಂಗೈಯಲ್ಲಿ ಹಿಡಿಯುತ್ತಾನೆ, ಸೈರಂಧ್ರಿಯ ಕಡೆ ಒಮ್ಮೆ ನೋಡುತ್ತಾನೆ. ಅವಳು ಪಾತ್ರೆ ತಂದು ಒಡ್ಡುತ್ತಾಳೆ. ಮಾತಿಲ್ಲ. ಮೈ ಮರೆಸಿಕೊಂಡಿರುವ ಗಂಡಹೆಂಡಿರು ಅಂತ ಆ ಒಂದು ನೋಟದಲ್ಲೇ ನಮಗೆ ಕಾಣುತ್ತದೆ, ಎದುರಿಗೇ ಕೂತ ವಿರಾಟನಿಗೆ ಕಾಣುವುದಿಲ್ಲ. ಓದುವವರಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ಆ ದೃಶ್ಯದ ಬಿಸಿ ಇರುವುದೇ ಅಲ್ಲಿ, ಅಲ್ವಾ?

ನಿನ್ನ ಸಾಲಿಗೆ ಬರುತ್ತೇನೆ. ಆ ಪುಟದಲ್ಲಿ ಅಮ್ಮ ಎಚ್ಚರವಾಗಿರುವುದು ಹುಡುಗನಿಗೆ ಗೊತ್ತಿದೆ, ಹಿಂದಿನ ಪ್ಯಾರಾದಲ್ಲೇ ಬಂದಿದೆ. ಹಾಗಾಗಿ ‘ಅಮ್ಮ ಕಳ್ಳನಿದ್ದೆ ಮಾಡುತ್ತಿದ್ದಳು’ ಸಾಕು. ಮುಂದೆ ಸೋದರಮಾವ ‘ಅಜ್ಞಾನವನ್ನು ನಟಿಸಿದ’ ಅಂತ ಬರೆದಿದ್ದೀಯಲ್ಲ, ಅದನ್ನು ‘ಏನೂ ಗೊತ್ತಿಲ್ಲದವನ ಹಾಗೆ ಕೇಳಿದ’ ಅಂತ ಮಾಡು. ಆಸ್ಪತ್ರೆಯ ದೃಶ್ಯದಲ್ಲಿರುವ ‘ನಟಿಸಿದಳು’ ಹಾಗೇ ಇರಲಿ. ಅಲ್ಲಿ ಅವಳು ನಿಜವಾಗಿಯೂ ನಾಲ್ಕು ಜನರ ಮುಂದೆ ನಾಟಕ ಆಡುತ್ತಿದ್ದಾಳೆ.

ಉಳಿದ ಪುಟಗಳನ್ನೂ ಕಳಿಸು.

ನಿನ್ನ ಅಣ್ಣ