ನಾರ್ಫೋಕ್‌ನಿಂದ ಮಯಾಮಿಗೆ: ದಾರಿ ಕಾದವರಿಗೆ ನಮ್ಮಿಬ್ಬರ ವಂದನೆ

ಅಮೆರಿಕದ ವರ್ಜೀನಿಯಾದ ನಾರ್ಫೋಕ್‌ನಲ್ಲಿರುವ ಸೊನ್ನೆ ಮೈಲಿಯಿಂದ, ಅಂದರೆ ದಾರಿಯ ಮೈಲಿ ಲೆಕ್ಕ ಶುರುವಾಗುವ ಜಾಗದಿಂದ, ಹೊರಟ ನಮ್ಮ ಹಾಯಿದೋಣಿ ಮಯಾಮಿ ಮುಟ್ಟಿದೆ. ಅಟ್ಲಾಂಟಿಕ್ ಇಂಟ್ರಾಕೋಸ್ಟಲ್ ವಾಟರ್‌ವೇ ಎಂಬ ಈ ಒಳದಾರಿ ಸುಮಾರು 1,090 ಮೈಲಿ. ನದಿ, ಹಿನ್ನೀರು, ಅಳಿವೆ, ತೋಡಿದ ಕಾಲುವೆ ಎಲ್ಲ ಒಂದಕ್ಕೊಂದು ಕೂಡಿಕೊಂಡ ಹಾದಿ. ದೋಣಿಯಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ. ಆದರೆ ದೋಣಿ ಮುಂದೆ ಸಾಗುವಂತೆ ನೋಡಿಕೊಂಡವರು ಬಹಳ ಮಂದಿ.

ಮೊದಲ ವಂದನೆ ಹೂಳೆತ್ತುವವರಿಗೆ, ಆಳ ಅಳೆಯುವವರಿಗೆ. ಕಾಗದದ ಪ್ರಕಾರ ಫ್ಲಾರಿಡಾದ ಫೋರ್ಟ್ ಪಿಯರ್ಸ್‌ವರೆಗೆ 12 ಅಡಿ, ಅಲ್ಲಿಂದ ಮಯಾಮಿವರೆಗೆ 10 ಅಡಿ ನೀರಿರಬೇಕು. ಆದರೆ ಲಾಕ್‌ವುಡ್ಸ್ ಫಾಲಿ, ಮಟಾನ್ಜಸ್‌ನಂಥ ಅಳಿವೆಗಳ ಬಾಯಲ್ಲಿ ಸಮುದ್ರ ಮರಳು ತಂದು ಸುರಿಯುತ್ತಲೇ ಇರುತ್ತದೆ. ಒಂದು ಬಿರುಗಾಳಿ ಬಂದು ಹೋದರೆ ಸಾಕು, ನಕ್ಷೆಯಲ್ಲಿ ದಾರಿ ತೋರಿಸುವ ನೇರಳೆಗೆಂಪು ಗೆರೆಯ ಅಡಿಯಲ್ಲೇ ದಿಬ್ಬ ಎದ್ದಿರುತ್ತದೆ. ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ (ಅಮೆರಿಕದ ಸೇನೆಯ ಎಂಜಿನಿಯರಿಂಗ್ ವಿಭಾಗ) ಮಾಡುವ ಆಳದ ಸರ್ವೆಗಳನ್ನು ಓದಿ, ಸುರಕ್ಷಿತ ಹಾದಿಯನ್ನು ಜಿಪಿಎಸ್ ಫೈಲ್ ಮಾಡಿ ಪುಕ್ಕಟೆ ಹಂಚುವ ಹವ್ಯಾಸಿಗಳಿದ್ದಾರೆ. ಅವರ ಋಣ ದೊಡ್ಡದು.

ಜಾರ್ಜಿಯಾದಲ್ಲಿ ಮಾತ್ರ ಫೈಲ್ ಒಂದೇ ಸಾಲದು. ಅಲ್ಲಿ ಉಬ್ಬರ ಇಳಿತದ ಅಂತರ 7ರಿಂದ 9 ಅಡಿ. ಹೆಲ್ ಗೇಟ್, ಲಿಟಲ್ ಮಡ್ ರಿವರ್ ಎಂಬ ಆಳವಿಲ್ಲದ ಎರಡು ಜಾಗಗಳನ್ನೂ ನೀರು ಏರುತ್ತಿರುವಾಗ, ಅರ್ಧ ಉಬ್ಬರ ಕಳೆದ ಮೇಲೆ ದಾಟಬೇಕು. ಆಗ ತಳ ತಗುಲಿದರೂ ಏರುವ ನೀರೇ ಎತ್ತಿಬಿಡುತ್ತದೆ. ಇಳಿತದಲ್ಲಿ ಸಿಕ್ಕಿಕೊಂಡರೆ ದೋಣಿ ಕೆಸರಿನಲ್ಲಿ ವಾಲಿಕೊಂಡು ಮುಂದಿನ ಉಬ್ಬರಕ್ಕೆ ಕಾಯುತ್ತದೆ. ಲಂಗರಿನ ಲೆಕ್ಕವೂ ಅಲ್ಲಿ ಬೇರೆ. ಇಳಿತದಲ್ಲಿ 8 ಅಡಿ ಆಳ ಕಂಡಿತೆಂದು ಅದರ ಐದು ಪಟ್ಟು, 40 ಅಡಿ ಸರಪಳಿ ಬಿಟ್ಟರೆ ರಾತ್ರಿ ಲಂಗರು ಜಾರುತ್ತದೆ. ಆಳ 8, ಉಬ್ಬರ 8, ನೀರಿನಿಂದ ದೋಣಿಯ ಮುಂಭಾಗದ ಎತ್ತರ 4, ಒಟ್ಟು 20. ಬಿಡಬೇಕಾದ್ದು ಅದರ ಐದು ಪಟ್ಟು, ಕನಿಷ್ಠ 100 ಅಡಿ.

ದಾರಿಗುರುತುಗಳನ್ನು ಕಾಯುವ ಕೋಸ್ಟ್ ಗಾರ್ಡ್‌ನವರಿಗೂ ವಂದನೆ. ದಕ್ಷಿಣಕ್ಕೆ ಹೋಗುವಾಗ ಸಾಮಾನ್ಯವಾಗಿ ಕೆಂಪು ಗುರುತು ದೋಣಿಯ ಬಲಕ್ಕೆ, ಹಸಿರು ಎಡಕ್ಕೆ ಇರಬೇಕು. ಸಮುದ್ರದಿಂದ ಬಂದರಿಗೆ ಬರುವ ದಾರಿಯೊಂದಿಗೆ ನಮ್ಮ ದಾರಿ ಕೂಡುವಲ್ಲಿ ಇದು ತಿರುವುಮುರುವಾಗಬಹುದು. ಆಗ ಬಣ್ಣ ಬಿಟ್ಟು ಗುರುತಿನ ಮೇಲೆ ಅಂಟಿಸಿದ ಅಂಗೈಯಗಲದ ಹಳದಿ ಚಿಹ್ನೆ ನೋಡಬೇಕು. ಹಳದಿ ತ್ರಿಕೋನ ಬಲಕ್ಕೆ, ಹಳದಿ ಚೌಕ ಎಡಕ್ಕೆ. ಕೆಂಪು ಬೋಯಾ (ತೇಲುವ ಗುರುತು) ಮೇಲೆ ಹಳದಿ ಚೌಕವಿದ್ದರೆ ಅದು ಎಡಕ್ಕೇ. ಬೈನಾಕ್ಯುಲರ್ ಸದಾ ಕೈಗೆಟುಕುವಂತಿರಲಿ.

ತೆರೆಯುವ ಸೇತುವೆಗಳನ್ನು ಕಾಯುತ್ತಾ, ರೇಡಿಯೊದಲ್ಲಿ ಕರೆದರೆ ತೆರೆದು ದಾರಿ ಬಿಡುವ ಅಕ್ಕಂದಿರು, ಅಣ್ಣಂದಿರಿಗೆ ಎಷ್ಟು ಹೇಳಿದರೂ ಕಡಿಮೆಯೇ. ವರ್ಜೀನಿಯಾ, ನಾರ್ತ್ ಕೆರೊಲಿನಾದಲ್ಲಿ ವಿಎಚ್‌ಎಫ್ ರೇಡಿಯೊದ 13ನೇ ಚಾನೆಲ್, ಸೌತ್ ಕೆರೊಲಿನಾದಿಂದ ಕೆಳಗೆ 9. ಮೊದಲು ಸೇತುವೆಯ ಹೆಸರು, ಆಮೇಲೆ ದೋಣಿಯ ಹೆಸರು, ಹೋಗುವ ದಿಕ್ಕು. ಅಷ್ಟು ಸಾಕು. ಹಿಂದಿನಿಂದ ಸೆಳೆತವಿದ್ದರೆ ಸೇತುವೆಯಿಂದ ಸಾಕಷ್ಟು ದೂರದಲ್ಲೇ ನಿಲ್ಲಬೇಕು, ಏಕೆಂದರೆ ನೀರು ತಳ್ಳುವಾಗ ದೋಣಿಗೆ ಬ್ರೇಕ್ ಇಲ್ಲ. ತೆರೆಯದ ಸೇತುವೆಗಳ ಎತ್ತರ ಸಾಮಾನ್ಯವಾಗಿ 65 ಅಡಿ. ಕಂಬದ ಬಳಿಯ ಹಲಗೆಯಲ್ಲಿ ನೀರು ಮುಟ್ಟಿದ ಅಂಕಿಯೇ ಆ ಹೊತ್ತಿನ ಎತ್ತರ. ಅದು 63 ತೋರಿಸಿ ನಿಮ್ಮ ಪಟಸ್ತಂಭ 64 ಇದ್ದರೆ ಇಳಿತಕ್ಕೆ ಕಾಯದೆ ಬೇರೆ ದಾರಿಯಿಲ್ಲ. ಮಯಾಮಿಯ ಜೂಲಿಯಾ ಟಟಲ್ ಸೇತುವೆ ಬರೀ 56 ಅಡಿ. ಅದಕ್ಕಿಂತ ಎತ್ತರದ ಪಟಸ್ತಂಭ ಇರುವವರು ಫೋರ್ಟ್ ಲಾಡರ್‌ಡೇಲ್‌ನಲ್ಲೇ ಸಮುದ್ರಕ್ಕೆ ಇಳಿಯುವುದು ಒಳ್ಳೆಯದು.

ಡಿಸ್ಮಲ್ ಸ್ವಾಂಪ್ ಕಾಲುವೆಯ ಎರಡು ಲಾಕ್‌ಗಳಲ್ಲಿ (ನೀರು ತುಂಬಿ, ಇಳಿಸಿ ದೋಣಿಯನ್ನು ಏರಿಸಿ ಇಳಿಸುವ ಕಟ್ಟೆಗಳಲ್ಲಿ) ಕೆಲಸ ಮಾಡುವವರಿಗೂ ನಮಸ್ಕಾರ. ಡೀಪ್ ಕ್ರೀಕ್‌ನಲ್ಲಿ ದೋಣಿ ಸುಮಾರು 8 ಅಡಿ ಮೇಲೇರುತ್ತದೆ, ಸೌತ್ ಮಿಲ್ಸ್‌ನಲ್ಲಿ ಮತ್ತೆ ಇಳಿಯುತ್ತದೆ. ಹಿಂದೊಂದು ಮುಂದೊಂದು ಹಗ್ಗ ಸುತ್ತಿ ತುದಿಯನ್ನು ಕೈಯಲ್ಲೇ ಹಿಡಿದಿರಬೇಕು. ಗಂಟು ಹಾಕಿದರೆ ನೀರಿಳಿದಾಗ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ. 1805ರಲ್ಲಿ ತೆರೆದ ಈ ಕಾಲುವೆಯನ್ನು ಗುಲಾಮರಿಂದ ಕೈಯಲ್ಲೇ ತೋಡಿಸಿದರು. ಅವರಿಗೆ ವಂದನೆ ಎಂದಷ್ಟೇ ಬರೆದರೆ ಸಾಲದು ಎಂದು ಗೊತ್ತಿದ್ದೂ ಬರೆಯುತ್ತಿದ್ದೇವೆ.

ಕಾಲುವೆ ದಾಟಿದ ಮೇಲೆ ಸಿಗುವ ಎಲಿಜಬೆತ್ ಸಿಟಿಗೆ ವಿಶೇಷ ಕೃತಜ್ಞತೆ. ದೋಣಿಯಲ್ಲಿ ಬಂದವರಿಗೆ ಗುಲಾಬಿ ಕೊಟ್ಟು ಸ್ವಾಗತಿಸುವ ಪದ್ಧತಿ ಅಲ್ಲಿ 1983ರಲ್ಲಿ ಶುರುವಾಯಿತು. ಮುಂದಿನ ಆಲ್ಬೆಮಾರ್ಲ್ ಸೌಂಡ್ ಆಳವಿಲ್ಲದ ಅಗಲ ನೀರು. ಗಾಳಿ ಎದ್ದರೆ ಅಲೆಗಳು ಗಿಡ್ಡವಾಗಿ, ಒತ್ತೊತ್ತಾಗಿ ಬಂದು ಬಡಿಯುತ್ತವೆ. ಗಾಳಿ ಇಳಿಯುವವರೆಗೆ ಆ ಊರಲ್ಲೇ ಉಳಿಯುವುದು ಜಾಣತನ.

ಹಿಂದಿನಿಂದ ಬಂದು ರೇಡಿಯೊದಲ್ಲಿ ಕೇಳಿ, ವೇಗ ತಗ್ಗಿಸಿ, ಅಲೆ ಎಬ್ಬಿಸದೆ ದಾಟಿ ಹೋದ ಮೋಟಾರು ದೋಣಿಯವರೆಲ್ಲರಿಗೂ ಧನ್ಯವಾದ. ಅವರು ಬರುವಾಗ ನಾವೂ ವೇಗ ಇಳಿಸಬೇಕು. ಇಲ್ಲದಿದ್ದರೆ ನಮ್ಮನ್ನು ದಾಟಲು ಅವರು ವೇಗ ಏರಿಸಲೇಬೇಕಾಗುತ್ತದೆ, ಅಲೆ ಏಳುತ್ತದೆ, ಒಲೆ ಮೇಲಿನ ಸಾರು ನೆಲಕ್ಕೆ.

ಬರುವ ಶರತ್ಕಾಲಕ್ಕೆ ಹೊರಡುವ ಕನ್ನಡದವರು ಯಾರಾದರೂ ಇದ್ದರೆ ಕೇಳಿ, ಲಂಗರು ಹಾಕಿದ ಜಾಗಗಳ ಟಿಪ್ಪಣಿ ಕಳಿಸುತ್ತೇವೆ. ಚಂಡಮಾರುತದ ಕಾಲ ನವೆಂಬರ್ 30ರವರೆಗೆ ಇರುತ್ತದೆ. ಎಂದಿನಿಂದ ಎಷ್ಟು ದಕ್ಷಿಣಕ್ಕೆ ಹೋಗಬಹುದೆಂದು ನಿಮ್ಮ ವಿಮಾ ಪಾಲಿಸಿಯಲ್ಲಿ ಮೊದಲೇ ಓದಿಕೊಳ್ಳಿ.