ಬೆಳೆ ಲೆಕ್ಕಕ್ಕ ಬಂದವರನ್ನ ವಾಪಸ್ ಕಳಿಸಬ್ಯಾಡ್ರಿ

ಗುಂಪಿನ ಎಲ್ಲಾರಿಗೂ ನಮಸ್ಕಾರ್ರಿ. ಗೋವಿನಜೋಳದ ಬೆಳೆ ಕಟಾವು ಪ್ರಯೋಗಕ್ಕ (ಆರಿಸಿದ ಹೊಲದಾಗ ಸ್ವಲ್ಪ ಜಾಗದ ಬೆಳೆ ಕೊಯ್ದು, ತೂಕ ಮಾಡಿ ಇಳುವರಿ ಲೆಕ್ಕ ಹಾಕೋದು) ಬಂದವರನ್ನ ನಮ್ಮವರು ಒಬ್ಬಿಬ್ಬರು "ನೀವು ಯಾವ ಇಲಾಖೆ?" ಅಂತ ಬದುವಿನಿಂದಲೇ ವಾಪಸ್ ಕಳಿಸ್ಯಾರ. ದಯವಿಟ್ಟು ಹಂಗ ಮಾಡಬ್ಯಾಡ್ರಿ. ಹಿಂಗ ಆರಿಸಿದ ಹೊಲಗಳ ತೂಕದ ಮ್ಯಾಲೆನ ಇಡೀ ಗ್ರಾಮ ಪಂಚಾಯ್ತಿಯ ಇಳುವರಿ ನಿರ್ಧಾರ ಆಗತೈತಿ. ನಿಗದಿ ಮಾಡಿದ ಮಟ್ಟಕ್ಕಿಂತ ಇಳುವರಿ ಕಡಿಮಿ ಬಂದ್ರ ಬೆಳೆವಿಮೆ ಪರಿಹಾರ ಸಿಗತೈತಿ. ಒಬ್ಬರು ಹೊಲ ಬಿಟ್ಟುಕೊಡಲಿಲ್ಲಂದ್ರ ನಷ್ಟ ಎಲ್ಲಾರಿಗೂ.

ಗೊಂದಲ ಆಗೋದು ಸಹಜ, ಯಾಕಂದ್ರ ನಮ್ಮ ದೇಶದಾಗ ಅಂಕಿ-ಅಂಶಕ್ಕ ಒಂದೇ ಕಚೇರಿ ಇಲ್ಲ. ಜನಗಣತಿ ಗೃಹ ಸಚಿವಾಲಯದ್ದು, 1948ರ ಕಾಯ್ದೆ ಪ್ರಕಾರ. ಜಿಡಿಪಿ, ಗ್ರಾಹಕ ಬೆಲೆ ಸೂಚ್ಯಂಕ, ಮನೆ ಖರ್ಚಿನ ಸಮೀಕ್ಷೆ ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿದು. ಶಾಲಿ, ಆರೋಗ್ಯ, ಕೃಷಿ ಲೆಕ್ಕ ಆಯಾ ಇಲಾಖೆಯವು. ರಾಜ್ಯದಾಗ ಇವನ್ನ ಹೊಂದಿಸೋದು ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ. ಅದರ ಜಿಲ್ಲಾ ಕಚೇರಿ ಹಾವೇರಿಯೊಳಗೂ ಐತಿ. ಸಂವಿಧಾನದ 7ನೇ ಅನುಸೂಚಿಯ ಕೇಂದ್ರ ಪಟ್ಟಿ, ಸಮವರ್ತಿ ಪಟ್ಟಿ ಎರಡರಾಗೂ ಅಂಕಿ-ಅಂಶದ ಮಾತು ಬರತೈತಿ, ಹಿಂಗಾಗಿ ಕೇಂದ್ರ, ರಾಜ್ಯ ಇಬ್ಬರಿಗೂ ಅಧಿಕಾರ.

ಇಷ್ಟೆಲ್ಲ ಕೈಗಳಿಗೆ ಸಲಹಾ ಕೊಡಾಕ ರಾಷ್ಟ್ರೀಯ ಸಾಂಖ್ಯಿಕ ಆಯೋಗ ಐತಿ. ಆದ್ರ ಅದು 2005ರ ಸರ್ಕಾರಿ ನಿರ್ಣಯದಿಂದ ಹುಟ್ಟಿದ್ದು, ಸಂಸತ್ತಿನ ಕಾಯ್ದೆಯಿಂದ ಅಲ್ಲ. ಇದು ದೊಡ್ಡ ಕೊರತಿ ಅಂತ ನನ್ನ ಅಭಿಪ್ರಾಯ.

ಹೆದರಿಕಿ ಇದ್ದವರಿಗೆ ಒಂದು ಮಾತು: 2008ರ ಅಂಕಿ-ಅಂಶ ಸಂಗ್ರಹ ಕಾಯ್ದೆಯಡಿ ಕೊಟ್ಟ ಮಾಹಿತಿ ಲೆಕ್ಕಕ್ಕಷ್ಟ ಬಳಕಿ ಆಗಬೇಕು, ಹೆಸರು ಬಹಿರಂಗ ಮಾಡಂಗಿಲ್ಲ. ಜನಗಣತಿ ದಾಖಲೆಗೂ ಅಂಥದ್ದೇ ರಕ್ಷಣೆ ಐತಿ.

ಬಂದವರ ಗುರುತಿನ ಚೀಟಿ ನೋಡ್ರಿ, ಇಲಾಖೆ ಕೇಳ್ರಿ. ಓಟಿಪಿ ಮಾತ್ರ ಯಾರಿಗೂ ಹೇಳಬ್ಯಾಡ್ರಿ. ಕಟಾವಿನ ದಿನ ತೂಕ ಮಾಡುವಾಗ ಹತ್ತಿರನ ನಿಲ್ರಿ.